ಎರೆಮಣ್ಣಿನ ಊರಲ್ಲಿ ನಳದ ಆರೈಕೆ

ಏಪ್ರಿಲ್ ಬರುವಷ್ಟರಲ್ಲಿ ಎರೆ ಹೊಲ ಬಾಯಿಬಿಟ್ಟಿರುತ್ತದೆ. ಅಂಗೈ ತೂರುವಷ್ಟು ಅಗಲದ ಬಿರುಕಿಗೆ ಕೋಲು ಇಳಿಬಿಟ್ಟರೆ ಮೊಳದುದ್ದ ಒಳಗೆ ಹೋಗುತ್ತದೆ. ಮಿರಗ ಮಳೆ ಹದವಾಗಿ ಬಿದ್ದರೆ ಅದೇ ನೆಲ ನೀರು ಕುಡಿದು ಉಬ್ಬಿ, ಬಿರುಕು ಮುಚ್ಚಿಕೊಂಡು, ಕಾಲಿಟ್ಟರೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ಬಿತ್ತುವವರಿಗೆ ಇದು ಹುಟ್ಟಿದಾಗಿನಿಂದ ಗೊತ್ತು. ಅದೇ ಮಣ್ಣಿನಲ್ಲಿ ಒಂದಡಿ ಕಾಲುವೆ ತೋಡಿ, ತೆಗೆದ ಹೆಂಟೆಗಳನ್ನೇ ಮತ್ತೆ ಮೇಲೆ ಸುರಿದು ಪೈಪು ಹೂಳುವಾಗ ಮಾತ್ರ ಆ ತಿಳಿವಳಿಕೆ ಹೊಲದಲ್ಲೇ ಉಳಿದುಬಿಡುತ್ತದೆ. ಮರುವರ್ಷ ಜಾಯಿಂಟು ಬಿಚ್ಚಿಕೊಂಡು ಅಂಗಳ ಕೆಸರಾದಾಗ ಬೈಗುಳ ಪ್ಲಂಬರನಿಗೆ. ಎರಡನೇ ಸಲ ಬಿಚ್ಚಿದಾಗ ಬೈಗುಳ ಪೈಪಿನ ಕಂಪನಿಗೆ. ಮಣ್ಣನ್ನು ಯಾರೂ ವಿಚಾರಿಸುವುದಿಲ್ಲ.

ಇಂಥ ಊರುಗಳಲ್ಲೊಂದು ಕುಪ್ಪೇಲೂರು, ರಾಣೇಬೆನ್ನೂರು ತಾಲ್ಲೂಕಿನ ಹೋಬಳಿ ಊರು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪೇಟೆಗಳ ಒಡನಾಟದ ಈ ಸೀಮೆಯಲ್ಲಿ ಎರೆ ಹೊಲವೂ ಉಂಟು, ಮಸಾರಿ ಹೊಲವೂ ಉಂಟು. ಹತ್ತಿ, ಗೋವಿನಜೋಳ, ಮೆಣಸಿನಕಾಯಿ ಬೆಳೆಯುವ ನೆಲ. ತಾಲ್ಲೂಕಿನ ಅಂಚಿನಲ್ಲೇ ತುಂಗಭದ್ರೆ ಹರಿದರೂ ಬಹುಕಾಲ ಇಲ್ಲಿನ ಹಳ್ಳಿಗಳು ನಂಬಿದ್ದು ಬಾವಿಯನ್ನು, ಆಮೇಲೆ ಬೋರನ್ನು. 1983ರಿಂದ 88ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಊರೂರಿಗೆ ಬೋರು ಕೊರೆಸಿ, ಕೈಪಂಪು ನಿಲ್ಲಿಸಿ ‘ನೀರ್ ಸಾಬ್’ ಎನಿಸಿಕೊಂಡರು. ಆಗ ಕೆಟ್ಟದ್ದು ರಿಪೇರಿ ಮಾಡುವ ಹೊಣೆ ಸರ್ಕಾರದ್ದಾಗಿತ್ತು. ಪಂಪು ಓಣಿಯ ಸ್ವತ್ತು, ಮನೆಯೊಳಗೆ ಇದ್ದದ್ದು ಕೊಡ, ಬಾನಿ, ಹಂಡೆ ಮಾತ್ರ. ಅವುಗಳಿಗೆ ಪ್ಲಂಬರ್ ಬೇಕಿರಲಿಲ್ಲ.

2019ರ ಆಗಸ್ಟ್ 15ರಂದು ಜಲಜೀವನ ಮಿಷನ್ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಎಂದು ಹೆಸರಿಟ್ಟರು. ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕ, ಐದು ಜನರ ಮನೆಗೆ 275 ಲೀಟರ್. ಕೊಡ ಹೊತ್ತು ಸೊಂಟ ಬಾಗಿದ ಹೆಣ್ಣುಮಕ್ಕಳ ಮಟ್ಟಿಗೆ ಇದು ಚಿಕ್ಕ ಸಂಗತಿಯಲ್ಲ, ನಾನದನ್ನು ಹಗುರಾಗಿ ಕಾಣಲಾರೆ. ಆದರೆ ಸರ್ಕಾರದ ಪೈಪು ಹೊಸ್ತಿಲ ಹತ್ತಿರ ಒಂದು ಚಾವಿ ಕೂರಿಸಿ ನಿಲ್ಲುತ್ತದೆ. ಅಲ್ಲಿಂದಾಚೆ ಟಾಕಿ, ಬಚ್ಚಲು, ಅಡುಗೆಮನೆ, ಶೌಚಾಲಯದವರೆಗಿನ ಪೈಪೆಲ್ಲ ಮನೆಯವರದು. ಅದನ್ನು ನೋಡಿಕೊಳ್ಳುವ ಬಗೆಯನ್ನು ಯಾರೂ ಮನೆಯವರಿಗೆ ಕಲಿಸಿಕೊಟ್ಟಿಲ್ಲ. ಪೇಟೆಯ ಪುಸ್ತಕ, ವಿಡಿಯೊಗಳು ಹೇಳುವುದು ಪೇಟೆಯ ಮನೆಯ ಸಂಗತಿ. ಅವು ತೋರಿಸುವ ಮನೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರು ದಿನವಿಡೀ ಇರುತ್ತದೆ. ಕುಪ್ಪೇಲೂರಿನಂಥ ಊರಿನಲ್ಲಿ ಪೈಪು ಕೆಡುವುದಕ್ಕೆ ಮೂರು ಕಾರಣಗಳಿವೆ: ಉಬ್ಬಿ ಕುಗ್ಗುವ ನೆಲ, ಗಡಸು ನೀರು, ಬಂದು ಹೋಗುವ ನಳ. ಈ ಮೂರನ್ನು ಅರಿತು ಮಾಡಿದ ರಿಪೇರಿ ಬಾಳುತ್ತದೆ, ಅರಿಯದೆ ಮಾಡಿದ್ದು ಮತ್ತೆ ಮತ್ತೆ ಕೈಗೆ ಬರುತ್ತದೆ.

ಮಣ್ಣಿನ ಎಳೆದಾಟ

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಅಂಶ ಹೆಚ್ಚು. ತೆಳು ಪದರಗಳ ನಡುವೆ ನೀರು ಹೀರಿ ಅದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಹಿಗ್ಗು ಕುಗ್ಗು ಎಲ್ಲ ಕಡೆ ಒಂದೇ ಸಮ ಇದ್ದಿದ್ದರೆ ಪೈಪಿಗೆ ಅಷ್ಟು ತೊಂದರೆ ಆಗುತ್ತಿರಲಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಮಣ್ಣು ಸದಾ ಹಸಿ, ನಾಲ್ಕು ಮಾರು ಆಚೆ ಕಟಕಟಿ ಒಣ. ಒಂದೇ ಪೈಪಿನ ಒಂದು ತುದಿಯನ್ನು ನೆಲ ಎತ್ತುತ್ತದೆ, ಇನ್ನೊಂದನ್ನು ಇಳಿಸುತ್ತದೆ. ಪೈಪು ಸ್ವಲ್ಪ ಬಾಗಿ ತಾಳಿಕೊಂಡೀತು. ಅಂಟು ಹಾಕಿದ ಎಲ್ಬೊ, ಟೀ ತಾಳುವುದಿಲ್ಲ. ಎಲ್ಲಕ್ಕಿಂತ ಮೊದಲು ಮುರಿಯುವುದು ಪೈಪು ಗೋಡೆಯ ಬುನಾದಿಯನ್ನು ದಾಟುವ ಜಾಗ. ಅಲ್ಲಿ ಒಂದು ಕಡೆ ಕದಲದ ಕಲ್ಲು ಸಿಮೆಂಟು, ಇನ್ನೊಂದು ಕಡೆ ಕದಲುವ ನೆಲ.

ಪರಿಹಾರ ದುಬಾರಿಯಲ್ಲ. ಕಾಲುವೆಯನ್ನು ಬೇಕಾದುದಕ್ಕಿಂತ ಅರ್ಧ ಅಡಿ ಹೆಚ್ಚು ಆಳ, ಹೆಚ್ಚು ಅಗಲ ತೋಡಬೇಕು. ತಳಕ್ಕೆ ಉಸುಕು ಇಲ್ಲವೇ ಸಾಣಿಸಿದ ಗರಸು ಹಾಸಿ, ಅದರ ಮೇಲೆ ಪೈಪು ಇಟ್ಟು, ಎರಡೂ ಮಗ್ಗುಲಿಗೆ ಮತ್ತು ಮೇಲೆ ನಾಲ್ಕು ಬೆರಳಿಗಿಂತ ಕಡಿಮೆಯಿಲ್ಲದಂತೆ ಉಸುಕು ತುಂಬಬೇಕು. ಎರೆಮಣ್ಣು ಏನಿದ್ದರೂ ಅದರ ಮೇಲೆ. ಬುನಾದಿ ದಾಟುವಲ್ಲಿ ದೊಡ್ಡ ಅಳತೆಯ ಪೈಪಿನ ತುಂಡೊಂದನ್ನು ಗೋಡೆಯಲ್ಲಿ ಕೂರಿಸಿ, ನೀರಿನ ಪೈಪನ್ನು ಅದರೊಳಗಿಂದ ಸಡಿಲವಾಗಿ ತೂರಿಸಬೇಕು. ಸುತ್ತ ಸಿಮೆಂಟು ಮೆತ್ತಬಾರದು. ಬೀದಿಯ ನಳದಿಂದ ಮನೆವರೆಗಿನ ಓಟಕ್ಕೆ ಸಾಧ್ಯವಿದ್ದರೆ ಸುರುಳಿಯಲ್ಲಿ ಸಿಗುವ ಕಪ್ಪು ಎಚ್‌ಡಿಪಿಇ ಪೈಪನ್ನು ಜಾಯಿಂಟಿಲ್ಲದೆ ಎಳೆಯುವುದು ಎಲ್ಲಕ್ಕಿಂತ ಒಳ್ಳೆಯದು. ಅದು ನೆಲದ ಜೊತೆ ಬಾಗುತ್ತದೆ. ಹೊಲಕ್ಕೆ ಹನಿ ನೀರಾವರಿ ಮಾಡಿಸಿದವರಿಗೆ ಇಂಥ ಕಪ್ಪು ಪೈಪಿನ ಪರಿಚಯ ಇದ್ದೇ ಇದೆ.

ಕಾಲುವೆ ಮುಚ್ಚುವ ಮುಂಚೆ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಗೋಡೆಯಿಂದ ಎಷ್ಟು ಅಡಿ, ನೆಲದಿಂದ ಎಷ್ಟು ಆಳ, ಎಲ್ಲಿ ತಿರುವು ಎಂಬುದು ಚಿತ್ರದಲ್ಲಿ ಕಾಣಲಿ. ಅಳತೆಗೆ ಪಕ್ಕದಲ್ಲಿ ಸಲಿಕೆ ನಿಲ್ಲಿಸಿದರೂ ಸಾಕು. ಹತ್ತು ವರ್ಷದ ಮೇಲೆ ಎಲ್ಲೋ ಸೋರಿದಾಗ ಇಡೀ ಪಡಸಾಲೆಯ ಕಡಪ ಕಲ್ಲು ಕೀಳಿಸುವುದು ತಪ್ಪುತ್ತದೆ.

ತಗ್ಗಿನ ನಳ

ಈ ಲೇಖನದಲ್ಲಿ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನು ನೆನಪಿಡಿ ಎಂದು ಕೇಳಿಕೊಳ್ಳುತ್ತೇನೆ. ಉತ್ತರ ಕರ್ನಾಟಕದ ಬಹಳಷ್ಟು ಊರುಗಳಲ್ಲಿ ಮನೆ ಮುಂದೆ ಎರಡು ಮೂರು ಅಡಿ ತಗ್ಗು ತೋಡಿ, ಅದರೊಳಗೆ ನಳ ಇಳಿಸಿರುತ್ತಾರೆ. ಕೊಡವೂ ತಗ್ಗಿನೊಳಗೆ, ತುಂಬುವವರೂ ಅರ್ಧ ತಗ್ಗಿನೊಳಗೆ. ಹೀಗೆ ಮಾಡುವುದಕ್ಕೆ ಕಾರಣವಿದೆ. ಊರ ಟಾಕಿಯಿಂದ ದೂರದ ಓಣಿಗೆ ಬರುವಷ್ಟರಲ್ಲಿ ನೀರಿನ ಒತ್ತಡ ಬಹಳ ಇಳಿದಿರುತ್ತದೆ. ನಳದ ಬಾಯಿ ಎಷ್ಟು ಕೆಳಗಿದ್ದರೆ ಅಷ್ಟು ನೀರು. ಪಕ್ಕದವರು ಒಂದಡಿ ಇಳಿಸಿದರೆ ನಮ್ಮ ಮನೆ ನೀರು ಸಣ್ಣಗಾಗುತ್ತದೆ, ನಾವೂ ಇಳಿಸುತ್ತೇವೆ. ಓಣಿಗೆ ಓಣಿಯೇ ತಗ್ಗಿಗಿಳಿಯುತ್ತದೆ.

ಅಪಾಯ ಶುರುವಾಗುವುದು ನಳ ಹೋದ ಮೇಲೆ. ವಾಟರ್‌ಮನ್ ವಾಲ್ವ್ ಬಂದ್ ಮಾಡಿದರೂ ಪೈಪಿನಲ್ಲಿ ಉಳಿದ ನೀರು ತಗ್ಗಿನ ಕಡೆಯ ಮನೆಗಳಿಗೆ ಹರಿದುಹೋಗುತ್ತಿರುತ್ತದೆ. ಅದು ಹರಿದಂತೆಲ್ಲ ಹಿಂದೆ ಪೈಪು ಬರಿದಾಗಿ, ಬಾಯಿ ತೆರೆದ ನಳಗಳಿಂದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಗ ನಳದ ಬಾಯಿ ತಗ್ಗಿನಲ್ಲಿ ನಿಂತ ನೀರಿನೊಳಗೆ ಮುಳುಗಿದ್ದರೆ ಗಾಳಿಯ ಬದಲು ಆ ನೀರನ್ನೇ ಎಳೆದುಕೊಳ್ಳುತ್ತದೆ. ಪಾತ್ರೆ ತೊಳೆದದ್ದು, ಎಮ್ಮೆ ಮೈ ತೊಳೆದದ್ದು, ಮಳೆಗೆ ಗಟಾರ ಉಕ್ಕಿದ್ದು ಎಲ್ಲ ಕೂಡಿದ ನೀರು ಅದು. ಮರುದಿನ ನಳ ಬಂದಾಗ ಅದೇ ಮೊದಲ ಕೊಡಕ್ಕೆ ಬೀಳುತ್ತದೆ, ನಮ್ಮ ಮನೆಗಷ್ಟೇ ಅಲ್ಲ, ಓಣಿಯ ಎಲ್ಲರ ಮನೆಗೂ.

ಇದು ಊಹೆಯ ಮಾತಲ್ಲ. ಹಾವೇರಿಗೆ ನೆರೆಯ ಹುಬ್ಬಳ್ಳಿ-ಧಾರವಾಡದಲ್ಲಿ 2008ರ ಹೊತ್ತಿಗೆ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಬರತೊಡಗಿತು, ಉಳಿದ ವಾರ್ಡುಗಳಲ್ಲಿ ನಾಲ್ಕಾರು ದಿನಕ್ಕೊಮ್ಮೆ ಬರುವ ಪದ್ಧತಿಯೇ ಮುಂದುವರಿಯಿತು. ಒಂದೇ ಊರಿನ ಈ ಎರಡು ಬಗೆಯನ್ನು ಹೋಲಿಸಿ ನೋಡಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರಾದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಬಿಟ್ಟು ಬಿಟ್ಟು ಬರುವ ನಳದ ನೀರಿನಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಸಿಕ್ಕಿದ್ದು ಸದಾ ಬರುವ ನಳಕ್ಕಿಂತ ಬಹಳ ಪಾಲು ಹೆಚ್ಚು. ನಳ ಬಂದ ಕೂಡಲೇ ಬೀಳುವ ಮೊದಲ ನೀರು ಎಲ್ಲಕ್ಕಿಂತ ಕೆಟ್ಟದ್ದು ಎಂಬುದನ್ನೂ ಅವರು ಮುಂದೆ ತೋರಿಸಿಕೊಟ್ಟರು. ಪೈಪಿನಲ್ಲಿ ಒತ್ತಡ ಸದಾ ಇದ್ದರೆ ಸೋರುವ ಜಾಗದಲ್ಲಿ ನೀರು ಹೊರಗೆ ಹೋದೀತೇ ಹೊರತು ಹೊರಗಿನ ಹೊಲಸು ಒಳಗೆ ಬರಲಾರದು. 2022ರಲ್ಲಿ ರಾಯಚೂರಿನಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಪೈಪಿನೊಳಗೆ ಹೊಲಸು ಹೊಕ್ಕರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಮನೆಯವರು ಮಾಡಬಹುದಾದದ್ದು ಏನು? ಕಾಸಿಲ್ಲದ ಕೆಲಸ ಮೊದಲು. ನೀರು ತುಂಬಿದ ಕೂಡಲೇ, ನಳ ಇನ್ನೂ ಬರುತ್ತಿರುವಾಗಲೇ ಚಾವಿ ಬಂದ್ ಮಾಡಿ. ನಳ ಬಂದ ಸಪ್ಪಳ ಕೇಳಲೆಂದು ಚಾವಿಯನ್ನು ಬಿಟ್ಟೇ ಇಡುವ ರೂಢಿ ಬಹಳ ಮನೆಗಳಲ್ಲಿದೆ. ಆ ಒಂದು ರೂಢಿ ಬಿಟ್ಟರೆ ಅರ್ಧ ಅಪಾಯ ತಪ್ಪಿತು. ಮೊದಲ ಒಂದೆರಡು ಕೊಡ ನೀರು ಅಂಗಳಕ್ಕೆ, ದನದ ಕೊಟ್ಟಿಗೆ ತೊಳೆಯುವುದಕ್ಕೆ ಹೋಗಲಿ, ಕುಡಿಯುವ ಕೊಡ ಆಮೇಲೆ ಹಿಡಿಯಿರಿ. ತುಸು ಖರ್ಚು ಮಾಡುವಂತಿದ್ದರೆ ತಗ್ಗಿನ ಜಾಗದಲ್ಲೇ ಮುಚ್ಚಳವಿರುವ ಸಣ್ಣ ಸಂಪು ಕಟ್ಟಿಸಿ. ಅದರ ಗೋಡೆ ಅಂಗಳಕ್ಕಿಂತ ಒಂದಡಿ ಮೇಲಿರಲಿ. ನೀರು ಬೀಳುವ ಪೈಪಿನ ಬಾಯಿ ಸಂಪು ತುಂಬಿದಾಗಲೂ ನೀರಿಗಿಂತ ಗೇಣು ಮೇಲಿರಲಿ, ಎಂದಿಗೂ ಮುಳುಗಕೂಡದು. ಚಾವಿಯ ಹಿಂದೆ, ನೀರನ್ನು ಹಿಂದಕ್ಕೆ ಬಿಡದ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಇನ್ನೂ ಭದ್ರ.

ಬೀದಿ ಪೈಪಿಗೆ ನೇರವಾಗಿ ಮೋಟಾರು ಹಚ್ಚಿ ನೀರು ಎಳೆಯುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಲಾಗದು. ಅದು ನೆರೆಯವರ ಪಾಲನ್ನು ಕಸಿಯುವುದಲ್ಲದೆ, ಎಲ್ಲೆಲ್ಲಿ ಸೋರಿಕೆ ಇದೆಯೋ ಅಲ್ಲೆಲ್ಲ ಗಟಾರದ ನೀರನ್ನು ಪೈಪಿಗೆ ಹೀರಿಕೊಳ್ಳುತ್ತದೆ. ಮೋಟಾರು ಬೇಕಿದ್ದರೆ ಅದು ಸಂಪಿನಿಂದ ಮೇಲಿನ ಟಾಕಿಗೆ ಏರಿಸಲಿ.

ನೀರಿನ ಒತ್ತಡವನ್ನು ಆಳುವುದರಲ್ಲಿ ನಮ್ಮ ಕಡೆಯವರು ಹಿಂದೆ ಬಹಳ ಮುಂದಿದ್ದರು. ವಿಜಯಪುರದಲ್ಲಿ ಆದಿಲ್‌ಶಾಹಿಗಳ ಕಾಲದ ‘ಗಂಜ್’ ಎಂಬ ಚೌಕಾಕಾರದ ಗೋಪುರಗಳು ಇಂದಿಗೂ ಅಲ್ಲಲ್ಲಿ ನಿಂತಿವೆ. ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ ಊರಿಗೆ ಬರುವ ಮಣ್ಣಿನ ಕೊಳವೆಗಳು ಈ ಗೋಪುರಗಳನ್ನು ಹಾಯ್ದು ಹೋಗುತ್ತಿದ್ದವು. ಹೆಚ್ಚಾದ ಒತ್ತಡ ಅಲ್ಲಿ ಇಳಿಯುತ್ತಿತ್ತು, ರಾಡಿ ತಳಕ್ಕೆ ಕೂರುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ. ನಮ್ಮ ಮನೆಯ ಟಾಕಿಯ ಹತ್ತಿರ ಪೈಪಿನ ಮೇಲೆ ಕೂರಿಸುವ ಗಾಳಿ ಕೊಳವೆಯ ಹಿಂದೆಯೂ ಇಂಥದೇ ವಿಚಾರವಿದೆ. ಅದನ್ನು ಹಾಕದ ಮನೆಗಳಲ್ಲಿ ಟಾಕಿ ತುಂಬಿದ್ದರೂ ನಳದಲ್ಲಿ ಬುಸ್ ಎಂಬ ಸಪ್ಪಳ ಬಂದು ನೀರು ನಿಲ್ಲುತ್ತದೆ. ಪೈಪು ಎಲ್ಲೋ ಡುಬ್ಬದಂತೆ ಎದ್ದಿದ್ದು, ಅಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಟಾಕಿಯಿಂದ ಇಳಿಯುವ ಪೈಪಿಗೆ ಟೀ ಹಾಕಿ, ಟಾಕಿಗಿಂತ ಒಂದಡಿ ಎತ್ತರಕ್ಕೆ ಅರ್ಧ ಇಂಚಿನ ಪೈಪು ನಿಲ್ಲಿಸಿ, ಬಾಯಿಯನ್ನು ಕೆಳಮುಖ ಮಾಡಿ ಜಾಳಿಗೆ ಕಟ್ಟಿದರೆ ಆಯಿತು.

ಗಡಸು ನೀರಿನ ಮನೆ

ಬೋರಿನ ನೀರಲ್ಲಿ ಬೇಳೆ ಬೇಯುವುದಿಲ್ಲ, ಸಬಕಾರ ನೊರೆ ಬಿಡುವುದಿಲ್ಲ ಎಂಬ ದೂರು ಹೊಸದಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ (ಐಎಸ್ 10500) ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಹದ, ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪಿಗೆ. ಫ್ಲೋರೈಡಿಗೆ 1 ಮಿಲಿಗ್ರಾಂ, ಅನಿವಾರ್ಯವಾದರೆ 1.5. ಫ್ಲೋರೈಡು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ. ಜಲಜೀವನ ಮಿಷನ್ನಿನಲ್ಲಿ ಊರಿಗೆ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡುವ ಏರ್ಪಾಟಿದೆ. ನಿಮ್ಮ ಪಂಚಾಯಿತಿಯಲ್ಲಿ ಆ ಕಿಟ್ ಎಲ್ಲಿದೆ, ಯಾರ ಕೈಯಲ್ಲಿದೆ ಎಂದು ಕೇಳಿ. ಮನೆಯ ಬೋರಿನ ನೀರನ್ನೂ ಪರೀಕ್ಷೆ ಮಾಡಿಸಿ.

ಪೈಪಿನ ಮಟ್ಟಿಗೆ ಗಡಸು ನೀರಿನ ಕೆಲಸ ನಿಧಾನದ್ದು, ಆದರೆ ನಿಲ್ಲದೆ ನಡೆಯುವಂಥದ್ದು. ನೀರು ಕಾದಾಗ ಅದರಲ್ಲಿ ಕರಗಿದ ಸುಣ್ಣದಂಶ ಹೊರಬಿದ್ದು ಗಟ್ಟಿ ಪದರವಾಗಿ ಕೂರುತ್ತದೆ. ಹಂಡೆಯ ತಳ ಕೆರೆದು ನೋಡಿದವರಿಗೆ ಆ ಬಿಳಿ ಹೊಪ್ಪಳೆ ಗೊತ್ತು. ಅದು ಕೂತಷ್ಟೂ ಬೆಂಕಿಯ ಕಾವು ನೀರಿಗೆ ದಾಟುವುದು ತಡ, ಸೌದೆ ಹೆಚ್ಚು. ಗೀಜರಿನ ಕಾಯಿಲ್ ಸುಡುವುದು, ಸೋಲಾರ್ ಹೀಟರಿನ ಕೊಳವೆ ಕಟ್ಟುವುದು ಇದರಿಂದಲೇ. ಪೈಪಿನ ಬಾಯಿ ಕಿರಿದಾದರೆ ಆಗುವ ನಷ್ಟವೂ ನಾವೆಣಿಸಿದ್ದಕ್ಕಿಂತ ಬಹಳ ದೊಡ್ಡದು. ಒಳಗಿನ ಅಗಲ ಅರ್ಧವಾದರೆ ನೀರು ಅರ್ಧವಾಗುವುದಲ್ಲ, ಅದೇ ಒತ್ತಡದಲ್ಲಿ ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದೇ ಲೆಕ್ಕವನ್ನು ಮನೆ ಕಟ್ಟುವಾಗ ನಮ್ಮ ಲಾಭಕ್ಕೆ ತಿರುಗಿಸಿಕೊಳ್ಳಬಹುದು. ಒಂದಂತಸ್ತಿನ ಮನೆಯ ಮಾಳಿಗೆ ಮೇಲಿನ ಟಾಕಿಯಿಂದ ಬಚ್ಚಲ ನಳಕ್ಕೆ ಇರುವ ಎತ್ತರ ಹತ್ತಡಿ. ಹತ್ತು ಮೀಟರ್ ಎತ್ತರಕ್ಕೆ ಒಂದು ಕೆಜಿ ಒತ್ತಡದ ಲೆಕ್ಕದಲ್ಲಿ ನಮಗೆ ಸಿಗುವುದು ಅದರ ಮೂರನೇ ಒಂದು ಪಾಲೂ ಸರಿಯಾಗಿ ಅಲ್ಲ. ಹಾಗಾಗಿ ಟಾಕಿಯಿಂದ ಇಳಿಯುವ ಮುಖ್ಯ ಪೈಪು ಒಂದು ಇಂಚಿಗಿಂತ ಕಡಿಮೆ ಇರಕೂಡದು. ಕೊನೆಯ ನಳದ ಹತ್ತಿರ ಮಾತ್ರ ಅರ್ಧ ಇಂಚು ಸಾಕು. ಪೈಪಿನಲ್ಲಿ ನಾಲ್ಕು ಕಾಸು ಉಳಿಸಲು ಮೇಲಿನಿಂದಲೇ ಅರ್ಧ ಇಂಚು ಎಳೆದ ಮನೆಯಲ್ಲಿ ಎಂಥ ಶವರ್ ಹಾಕಿದರೂ ಹನಿಯೇ ಬೀಳುವುದು.

ಹೊಪ್ಪಳೆ ತೆಗೆಯಲು ಹುಳಿ ಸಾಕು. ನಳದ ತುದಿಯ ಜಾಲರಿ, ಶವರಿನ ತಟ್ಟೆ ಬಿಚ್ಚಿ ರಾತ್ರಿಯೆಲ್ಲ ವಿನೆಗರ್ ಇಲ್ಲವೇ ನಿಂಬೆಹುಳಿ ಬೆರೆಸಿದ ನೀರಿನಲ್ಲಿ ನೆನೆಯಿಟ್ಟು ಬೆಳಿಗ್ಗೆ ಹಳೇ ಬ್ರಷ್ಷಿನಲ್ಲಿ ಉಜ್ಜಿದರೆ ಹೋಗುತ್ತದೆ. ಅಂಗಡಿಯ ಬಾಟಲಿ ಆ್ಯಸಿಡ್ ಸುರಿದರೆ ಸುಣ್ಣದ ಜೊತೆ ನಳದ ಹೊಳಪು, ಟೈಲ್ಸಿನ ನಡುವಿನ ಸಿಮೆಂಟು ಎರಡೂ ಹೋಗುತ್ತವೆ. ಆ್ಯಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಂದೇ ಬಚ್ಚಲಲ್ಲಿ ಒಟ್ಟಿಗೆ ಎಂದೂ ಬಳಸಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಇಲ್ಲದ ಸಣ್ಣ ಬಚ್ಚಲಲ್ಲಿ ಅದು ಜೀವಕ್ಕೇ ಕುತ್ತು.

ನಳ ಹನಿಯುವುದೂ ಹಲವು ಸಲ ಗಡಸು ನೀರಿನ ಮತ್ತು ಬೋರಿನ ಸಣ್ಣ ಮರಳಿನ ಪರಿಣಾಮ. ಹಳೇ ಹಿತ್ತಾಳೆ ನಳದೊಳಗೆ ಬಿಲ್ಲೆಯಷ್ಟು ಅಗಲದ ರಬ್ಬರ್ ವಾಶರ್ ಇರುತ್ತದೆ. ನೀರು ನಿಲ್ಲದಿದ್ದಾಗ ನಾವು ಮಾಡುವುದು ಇನ್ನೂ ಬಿಗಿಯಾಗಿ ತಿರುಗಿಸುವುದು. ಅದರಿಂದ ವಾಶರ್ ಕತ್ತರಿಸಿಹೋಗುತ್ತದೆ, ಆಮೇಲೆ ಅದು ಕೂರುವ ಹಿತ್ತಾಳೆ ಅಂಚೂ ಸವೆಯುತ್ತದೆ. ವಾಲ್ವ್ ಬಂದ್ ಮಾಡಿ, ನಳ ತೆರೆದು ಉಳಿದ ನೀರು ಬಸಿದು, ಪಾನಾದಿಂದ ತಲೆ ಬಿಚ್ಚಿ, ಹಳೇ ವಾಶರ್ ಕಿತ್ತು ಅದೇ ಅಳತೆಯ ಹೊಸದನ್ನು ಕೂರಿಸಲು ಹತ್ತು ನಿಮಿಷ ಸಾಕು. ಬಿಚ್ಚಿದಾಗ ಒಳಗಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ಗೀರು, ತೂತು ಕೈಗೆ ತಾಕಿದರೆ ಹೊಸ ವಾಶರೂ ಹೆಚ್ಚು ದಿನ ಬಾಳದು, ನಳ ಬದಲಿಸುವುದೇ ಸರಿ. ಹನಿಯುವ ನಳದ ಕೆಳಗೆ ಲೀಟರ್ ಬಾಟಲಿ ಇಟ್ಟು ಗಡಿಯಾರ ನೋಡಿ. ಒಂದು ಗಂಟೆಗೆ ತುಂಬಿದರೆ ದಿನಕ್ಕೆ 24 ಲೀಟರ್ ಹೋಯಿತು. ಒಬ್ಬರ ಪಾಲಿನ 55 ಲೀಟರಿನಲ್ಲಿ ಹತ್ತಿರ ಹತ್ತಿರ ಅರ್ಧ.

ಈಗ ಬರುವ ಕಾಲು ಸುತ್ತಿನ ನಳಗಳಲ್ಲಿ ವಾಶರ್ ಬದಲು ಸೆರಾಮಿಕ್ ಬಿಲ್ಲೆಗಳಿರುತ್ತವೆ. ಶುದ್ಧ ನೀರಿಗೆ ಅವು ಬಹಳ ವರ್ಷ ಬರುತ್ತವೆ. ಮರಳು ಸಿಕ್ಕಿ ಬಿಲ್ಲೆಗೆ ಗೀರು ಬಿದ್ದರೆ ಇಡೀ ಕಾರ್ಟ್ರಿಜ್ ಬದಲಿಸಬೇಕು, ಅದು ಅದೇ ಕಂಪನಿಯದೇ ಆಗಬೇಕು. ಬೋರಿನ ನೀರಿರುವ ಹಳ್ಳಿಮನೆಗೆ ನನ್ನ ಆಯ್ಕೆ ಇಂದಿಗೂ ವಾಶರ್ ಇರುವ ಹಿತ್ತಾಳೆ ನಳವೇ. ಅದರ ರಿಪೇರಿ ಊರಲ್ಲೇ ಆಗುತ್ತದೆ.

ಟಾಕಿ ತೊಳೆಯುವುದನ್ನು ದೀಪಾವಳಿಗೆ, ಯುಗಾದಿಗೆ ಮನೆ ಬಳಿಯುವ ಕೆಲಸದ ಜೊತೆ ಕೂಡಿಸಿಬಿಡಿ. ತಳದ ರಾಡಿ ತೆಗೆದು, ಗೋಡೆ ಉಜ್ಜಿ, ಹೊಸ ನೀರು ತುಂಬಿದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಪುಡಿಯನ್ನು ನೇರ ಟಾಕಿಗೆ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಹಾಕಿ ಒಂದು ತಾಸು ಬಿಡಬೇಕು.

ಯಾವಾಗ ಬದಲಿಸಬೇಕು, ಏನು ಹಾಕಬೇಕು

ಎಂಬತ್ತು ತೊಂಬತ್ತರ ದಶಕದ ಮನೆಗಳಲ್ಲಿ ಇನ್ನೂ ಜಿಐ ಪೈಪುಗಳಿವೆ. ಕಬ್ಬಿಣದ ಮೇಲೆ ಸತುವಿನ ಲೇಪ. ಜೋಡಿಸಲು ಥ್ರೆಡ್ ಕೊರೆದಲ್ಲಿ ಲೇಪ ಹೋಗಿರುತ್ತದೆ, ತುಕ್ಕು ಶುರುವಾಗುವುದೇ ಅಲ್ಲಿಂದ. ಬೆಳಿಗ್ಗೆ ಮೊದಲು ಬಿಟ್ಟ ನೀರು ಕೆಂಪಾಗಿದ್ದರೆ, ಟಾಕಿ ತುಂಬಿದ್ದರೂ ಅಡುಗೆಮನೆಯ ಧಾರೆ ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಿದ್ದರೆ ಒಳಗೆ ತುಕ್ಕಿನ ಗಂಟು ಕಟ್ಟಿದೆ ಎಂದರ್ಥ. ಒಂದು ಕಡೆ ಸೋರಿದ್ದನ್ನು ಕಟ್ಟಿದರೆ ಇನ್ನೊಂದು ಕಡೆ ಒಡೆಯುತ್ತದೆ. ಅಂಥ ಪೈಪಿಗೆ ಎಂ-ಸೀಲ್ ಮೆತ್ತುತ್ತ ಕೂರುವುದು ದುಡ್ಡು ಮಣ್ಣುಪಾಲು ಮಾಡಿದಂತೆ. ಪೂರ್ತಿ ಬದಲಿಸಿ.

ಬದಲಿಸುವಾಗ ಎರಡು ಬಗೆಯ ಪ್ಲಾಸ್ಟಿಕ್ಕಿನ ಗುರುತು ಗೊತ್ತಿರಲಿ. ಬಿಳಿ ಯುಪಿವಿಸಿ ತಣ್ಣೀರಿಗೆ ಮಾತ್ರ. ಬೆಣ್ಣೆ ಬಣ್ಣದ ಸಿಪಿವಿಸಿ ಬಿಸಿನೀರಿಗೂ ಆಗುತ್ತದೆ. ಅದರ ಮಾನಕ ಐಎಸ್ 15778, ತಾಳಿಕೆ 93 ಡಿಗ್ರಿವರೆಗೆ. ಸೋಲಾರ್ ಹೀಟರಿನಿಂದ ಇಳಿಯುವ ಪೈಪಿಗೆ ಯುಪಿವಿಸಿ ಹಾಕಿದರೆ ಒಂದೇ ಬೇಸಿಗೆಯಲ್ಲಿ ಜೋತುಬಿದ್ದೀತು. ಎರಡಕ್ಕೂ ಅಂಟು ಬೇರೆ ಬೇರೆ. ಡಬ್ಬಿಯ ಮೇಲೆ ಓದಿಯೇ ತನ್ನಿ. ಪಿವಿಸಿ ಪೈಪು ತಯಾರಿಸುವಾಗ ಕಾವಿಗೆ ಕೆಡದಿರಲೆಂದು ಹಿಂದೆ ಸೀಸದ ಲವಣ ಬೆರೆಸುತ್ತಿದ್ದರು. ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ಅದನ್ನು ನಿಯಂತ್ರಿಸುವ ನಿಯಮ ತಂದಿದೆ. ಸೀಸವಿಲ್ಲದ ಪೈಪು ಎಂಬ ಮುದ್ರೆ, ಐಎಸ್‌ಐ ಗುರುತು ಇಲ್ಲದ ಅಗ್ಗದ ಪೈಪನ್ನು ಕುಡಿಯುವ ನೀರಿಗೆ ಮುಟ್ಟಬೇಡಿ.

ಅಂಟು ಹಾಕುವಾಗ ಅವಸರ ಬೇಡ. ಪೈಪನ್ನು ನೇರಕ್ಕೆ ಕೊಯ್ದು, ಅಂಚಿನ ಪುಡಿ ಕೆರೆದು, ಒಣ ಬಟ್ಟೆಯಿಂದ ಒರೆಸಿ, ತೆಳ್ಳಗೆ ಅಂಟು ಬಳಿದು, ಕಾಲು ಸುತ್ತು ತಿರುಗಿಸುತ್ತ ಒಳಗೆ ಒತ್ತಿ ಅರ್ಧ ನಿಮಿಷ ಹಿಡಿದಿರಬೇಕು. ಒದ್ದೆ ಪೈಪಿಗೆ ಹಾಕಿದ ಅಂಟು ಹಿಡಿಯುವುದಿಲ್ಲ. ನಳ ಬರುವ ಹೊತ್ತಾಯಿತೆಂದು ಆಗಲೇ ನೀರು ಬಿಟ್ಟರೂ ಅಷ್ಟೇ, ಕೆಲವು ತಾಸು ಬಿಡಲೇಬೇಕು. ನಳ ಕೂರಿಸುವಲ್ಲಿ ಲೋಹದ ಥ್ರೆಡ್ಡನ್ನು ಬರೀ ಪ್ಲಾಸ್ಟಿಕ್ ಎಲ್ಬೊಗೆ ತಿರುಗಿಸಿದರೆ ಅದು ಸೀಳುತ್ತದೆ. ಒಳಗೆ ಹಿತ್ತಾಳೆ ಕೂರಿಸಿದ ಎಲ್ಬೊ ಕೇಳಿ ತನ್ನಿ. ಟೆಫ್ಲಾನ್ ಟೇಪನ್ನು ನಳದ ಥ್ರೆಡ್ ನಿಮ್ಮ ಕಡೆ ಮುಖ ಮಾಡಿರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗಲೇ ಬಿಚ್ಚಿಕೊಳ್ಳುತ್ತದೆ.

ಮಾಳಿಗೆಯ ಮೇಲೆ ಬಿಸಿಲಿಗೆ ಬಿದ್ದಿರುವ ಪೈಪು ಕೆಲವೇ ವರ್ಷಗಳಲ್ಲಿ ಬಣ್ಣಗೆಟ್ಟು ಚಿಟಿಕೆ ಹೊಡೆದರೆ ಒಡೆಯುವಂತಾಗುತ್ತದೆ. ಗೋಡೆಗೆ ಬಳಿದು ಉಳಿದ ಎಮಲ್ಷನ್ ಬಣ್ಣವನ್ನು ಎರಡು ಕೈ ಬಳಿದರೆ ಅದರ ಆಯಸ್ಸು ಹೆಚ್ಚುತ್ತದೆ. ಗೋಡೆಯೊಳಗೆ ಪೈಪು ಮುಚ್ಚಿ ಮೇಲೆ ಟೈಲ್ಸ್ ಹೊದಿಸುವ ರೂಢಿ ಪೇಟೆಯಿಂದ ಈಗ ಹಳ್ಳಿಗೂ ಬಂದಿದೆ. ಸುಣ್ಣ ಕಟ್ಟುವ ನೀರು, ಕದಲುವ ನೆಲ ಎರಡೂ ಇರುವ ಊರಿಗೆ ಅದು ಬೇಡವೆನ್ನುತ್ತೇನೆ. ಪೈಪು ಗೋಡೆಯ ಮೇಲೇ ಕ್ಲಾಂಪಿನಲ್ಲಿ ಓಡಲಿ. ಅಂದ ಸ್ವಲ್ಪ ಕಡಿಮೆಯಾದೀತು, ಸೋರಿದ್ದು ಮಾತ್ರ ಕಣ್ಣಿಗೆ ಕಾಣುತ್ತದೆ. ಅಡುಗೆಮನೆ, ಬಚ್ಚಲು, ಶೌಚಾಲಯಕ್ಕೆ ಒಂದೊಂದು ಬೇರೆ ವಾಲ್ವ್ ಇಡಿಸಿ. ತಿಂಗಳಿಗೊಮ್ಮೆ ಅದನ್ನು ತಿರುಗಿಸಿ ಬಿಡಿ. ಸುಮ್ಮನೆ ಬಿಟ್ಟ ವಾಲ್ವ್ ಸುಣ್ಣ ಹಿಡಿದು, ಬೇಕಾದ ದಿನ ಕದಲುವುದೇ ಇಲ್ಲ. ಕಾಣದ ಸೋರಿಕೆ ಇದೆಯೋ ಎಂದು ತಿಳಿಯಲು ರಾತ್ರಿ ಎಲ್ಲ ನಳ ಬಂದ್ ಮಾಡಿ, ಟಾಕಿಯೊಳಗೆ ನೀರಿನ ಮಟ್ಟಕ್ಕೆ ಗೆರೆ ಎಳೆದು ಮಲಗಿ. ಬೆಳಿಗ್ಗೆ ನೀರು ಗೆರೆಗಿಂತ ಕೆಳಗಿದ್ದರೆ ಹುಡುಕಬೇಕು. ಫ್ಲಶ್ ಟ್ಯಾಂಕಿಗೆ ಚಿಟಿಕೆ ಅರಿಶಿನ ಹಾಕಿ ಕಾಲು ತಾಸು ಬಿಟ್ಟು ನೋಡಿ. ಒತ್ತದೆಯೇ ಹಳದಿ ಕೆಳಗಿಳಿದರೆ ಒಳಗಿನ ರಬ್ಬರ್ ಬದಲಿಸಬೇಕು.

ಹೊರಹೋಗುವ ನೀರಿನ ಬಗ್ಗೆ ಎರಡೇ ಮಾತು. ಬೂದಿಯಿಂದ ಪಾತ್ರೆ ಬೆಳಗುವ ಮನೆಯಲ್ಲಿ ಬೂದಿ ಪೈಪಿಗೆ ಹೋಗದಂತೆ ಜಾಳಿಗೆ ಹಾಕಿ, ಇಲ್ಲವಾದರೆ ಟ್ರ್ಯಾಪಿನಲ್ಲಿ ಕೂತು ಕಲ್ಲಾಗುತ್ತದೆ. ಎರೆಮಣ್ಣಿನಲ್ಲಿ ಶೌಚಾಲಯದ ಗುಂಡಿ ನೀರನ್ನು ಸರಿಯಾಗಿ ಇಂಗಿಸುವುದಿಲ್ಲ. ಹಾಗಾಗಿ ಗುಂಡಿಯ ಹೊರಗೋಡೆಯ ಸುತ್ತ ಒಂದಡಿ ದಪ್ಪಕ್ಕೆ ಉಸುಕು, ಜಲ್ಲಿ ತುಂಬಿಸಬೇಕು ಎಂದು ಜೋಡಿ ಗುಂಡಿಯ ಶೌಚಾಲಯದ ಮಾರ್ಗಸೂಚಿಯೇ ಹೇಳುತ್ತದೆ. ಕಟ್ಟಿಸುವಾಗ ಇದನ್ನು ಮೇಸ್ತ್ರಿಗೆ ಬಾಯಿಬಿಟ್ಟು ಹೇಳಿ, ಎದುರು ನಿಂತು ಹಾಕಿಸಿ. ನೀರಿನ ಪೈಪೂ ಹೊಲಸು ನೀರಿನ ಪೈಪೂ ಒಂದೇ ಕಾಲುವೆಯಲ್ಲಿ ಓಡಕೂಡದು.

ಇಷ್ಟೆಲ್ಲ ಯಾರು ಮಾಡಬೇಕು? ಐಟಿಐಗಳಲ್ಲಿ ಒಂದು ವರ್ಷದ ಪ್ಲಂಬರ್ ಕೋರ್ಸ್ ಇದೆ. ಕಲಿತವರು ಹೆಚ್ಚಾಗಿ ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರಿಗೆ ಹೋಗುತ್ತಾರೆ, ಅದು ಅವರ ತಪ್ಪಲ್ಲ. ಊರಲ್ಲಿ ಉಳಿದವರು ಮೋಟಾರು, ಕರೆಂಟು, ಪೈಪು ಎಲ್ಲವನ್ನೂ ನೋಡಿ ನೋಡಿ ಕಲಿತವರು. ಬಿತ್ತನೆ, ಒಕ್ಕಲು ಹೊತ್ತಿನಲ್ಲಿ ಅವರೂ ಸಿಗುವುದಿಲ್ಲ. ಮನೆಯಲ್ಲಿ ನೀರು ತುಂಬುವವರು, ಯಾವ ನಳ ಎಂದಿನಿಂದ ಹನಿಯುತ್ತಿದೆ ಎಂದು ಬಲ್ಲವರು ಹೆಂಗಸರು. ಪಾನಾ ಇರುವುದು ಗಂಡಸರ ಟ್ರ್ಯಾಕ್ಟರಿನ ಡಬ್ಬಿಯಲ್ಲಿ. ನೀರು ಪರೀಕ್ಷೆಗೆ ಐವರು ಹೆಣ್ಣುಮಕ್ಕಳನ್ನು ತಯಾರು ಮಾಡುವ ಪಂಚಾಯಿತಿಗೆ ಅದೇ ಐವರಿಗೆ ವಾಶರ್ ಬದಲಿಸುವುದು, ಅಂಟು ಹಾಕುವುದು, ನಾನ್ ರಿಟರ್ನ್ ವಾಲ್ವ್ ಕೂರಿಸುವುದನ್ನು ಕಲಿಸುವುದು ಕಷ್ಟವಲ್ಲ. ಓಣಿಯ ಸ್ತ್ರೀಶಕ್ತಿ ಸಂಘವೊಂದು ಎರಡು ಪೈಪ್ ಪಾನಾ, ಒಂದು ಹ್ಯಾಕ್ಸಾ, ಅಳತೆ ಟೇಪು, ಅರ್ಧ ಮತ್ತು ಮುಕ್ಕಾಲು ಇಂಚಿನ ವಾಶರ್‌ಗಳು, ಟೆಫ್ಲಾನ್ ಸುರುಳಿ, ಎರಡು ಬಗೆಯ ಅಂಟಿನ ಡಬ್ಬಿ, ನಾಲ್ಕಾರು ಎಲ್ಬೊ, ಕಪ್ಲಿಂಗುಗಳನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಟ್ಟರೆ ಇಪ್ಪತ್ತು ಮನೆಗೆ ಆಗುತ್ತದೆ. ಮೊದಲ ಕೆಲಸವಾಗಿ ಅವರು ಓಣಿಯ ತಗ್ಗಿನ ನಳಗಳನ್ನು ಎಣಿಸಿ, ಯಾವ ಯಾವ ಬಾಯಿ ನೀರಲ್ಲಿ ಮುಳುಗಿದೆ ಎಂದು ಪಟ್ಟಿ ಮಾಡಿ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಮುಂದಿಡಲಿ.